ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಯಾವ ದಾರಿ ಹಿಡಿಯೋದು?

ಮಗಳ ಬಾಣಂತನಕ್ಕೆ ಹೊರಟ ಅಪ್ಪ-ಅಮ್ಮ, ಆಗಸ್ಟಿಗೆ ಎಂ.ಎಸ್. ಸೇರುವ ಹುಡುಗ, ಎರಡು ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ರಜೆಗೆ ಬಂದು ವಾಪಸ್ ಹೊರಟ ದಂಪತಿ. ಈ ಮೂರೂ ಬಗೆಯವರು ಕೇಳುವುದು ಒಂದೇ ಪ್ರಶ್ನೆ: ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಯಾವ ಕಡೆಯಿಂದ ಹೋದರೆ ಒಳ್ಳೆಯದು? ದುಬೈ ಅಂತಾರೆ ಒಬ್ಬರು, ಫ್ರಾಂಕ್‌ಫರ್ಟ್ ಅಂತಾರೆ ಇನ್ನೊಬ್ಬರು, ಪಕ್ಕದ ಮನೆಯವರ ಮಗ ಸಿಂಗಪುರವೇ ಬೆಸ್ಟು ಅಂದನಂತೆ. ಟಿಕೆಟ್ ಸೈಟು ತೆರೆದರೆ ಕಣ್ಣು ಕತ್ತಲೆ ಬರುವಷ್ಟು ಆಯ್ಕೆ. ಒಂದು ಇಪ್ಪತ್ತೊಂದು ಗಂಟೆಯದು, ಇನ್ನೊಂದು ಮೂವತ್ತೆಂಟು ಗಂಟೆಯದು, ಬೆಲೆ ನೋಡಿದರೆ ಅಂಥ ವ್ಯತ್ಯಾಸವೂ ಇಲ್ಲ.

ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಏನನ್ನು ತೂಗಬೇಕು ಅನ್ನುವುದು ಗೊತ್ತಾದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ.

ದೂರದ ಲೆಕ್ಕ ಎಲ್ಲಿ ಕೈಕೊಡುತ್ತದೆ

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಭೂಮಿಯ ಮೇಲಿನ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 14,000 ಕಿ.ಮೀ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಈ ಗೆರೆ ಕಾಣುವುದಿಲ್ಲ. ಗ್ಲೋಬ್ ತೆಗೆದುಕೊಂಡು ಎರಡು ಊರಿಗೂ ದಾರ ಬಿಗಿದು ನೋಡಿ: ಅದು ಅಟ್ಲಾಂಟಿಕ್ ಕಡೆಗೂ ಹೋಗುವುದಿಲ್ಲ, ಪೆಸಿಫಿಕ್ಕಿನ ನಡುವೆಯೂ ಹಾಯುವುದಿಲ್ಲ. ನೆಟ್ಟಗೆ ಬಡಗಣಕ್ಕೆ ಏರಿ, ಹಿಮಾಲಯ ದಾಟಿ, ಸೈಬೀರಿಯಾದ ಮೇಲಿಂದ ಸುತ್ತಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಗಂಟೆಗೆ 900 ಕಿ.ಮೀ. ಹಿಡಿದರೆ ಹದಿನೈದೂವರೆ ಗಂಟೆ.

ವಿಮಾನ ಆ ದಾರದ ಮೇಲೆ ಹೋಗುವುದಿಲ್ಲ, ಅಷ್ಟೇ ತೊಂದರೆ. ಟಿಬೆಟ್ಟಿನ ಮೇಲೆ ಹಾರುವುದನ್ನು ಕಂಪನಿಗಳು ಸಾಮಾನ್ಯವಾಗಿ ತಪ್ಪಿಸುತ್ತವೆ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಬಿದ್ದುಹೋದರೆ ಪೈಲಟ್ಟು ಬೇಗನೆ ಹತ್ತು ಸಾವಿರ ಅಡಿಯ ಆಸುಪಾಸಿಗೆ ಇಳಿಸಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಬೆಂಗಳೂರಿನಿಂದ ಹೊರಟ ನೇರ ವಿಮಾನ ಎಷ್ಟೋ ಸಲ ಬಂಗಾಳ ಕೊಲ್ಲಿ ದಾಟಿ, ಚೀನಾ-ಜಪಾನ್ ಕಡೆಯಿಂದ ಪೆಸಿಫಿಕ್ ಮೇಲೆ ಹೋಗುತ್ತದೆ. ದೂರ ಹೆಚ್ಚು, ಆದರೆ ಪಡುವಣದಿಂದ ಮೂಡಣಕ್ಕೆ ಬೀಸುವ ಮೇಲುಗಾಳಿ ಬೆನ್ನ ಹಿಂದೆ ನೂಕುತ್ತದೆ. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದಾಗ, ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್ ತಂಡ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದಿತ್ತು. ಹದಿನೇಳು ಗಂಟೆ ಹಿಡಿಯಿತು. 9ರ ರಾತ್ರಿ ಅಲ್ಲಿ ಹೊರಟದ್ದು ಇಲ್ಲಿ ಇಳಿದದ್ದು 11ರ ಬೆಳಗಿನ ಜಾವ.

ಈಗ ಬೇರೆ ದಾರಿಗಳ ದೂರ ಕೂಡಿಸೋಣ. ದೆಹಲಿ ಮೇಲಿಂದ ಹೋದರೆ 14,100 ಕಿ.ಮೀ.; ನೇರ ಗೆರೆಗಿಂತ ನೂರು ಕಿ.ಮೀ. ಮಾತ್ರ ಜಾಸ್ತಿ, ಅಂದರೆ ತುಮಕೂರಿಗೆ ಹೋಗಿ ಇನ್ನೊಂದಿಷ್ಟು ಮುಂದೆ ಹೋದ ಹಾಗೆ. ಟೋಕಿಯೊ (ನರಿಟಾ) ಮೇಲಿಂದ 14,900. ಹಾಂಗ್‌ಕಾಂಗ್ 15,100. ದುಬೈ 15,700. ಫ್ರಾಂಕ್‌ಫರ್ಟ್ 16,550. ಲಂಡನ್ 16,650. ಸಿಂಗಪುರ 16,750. ಕೊನೆಯ ಮೂರಕ್ಕೂ ಹೆಚ್ಚುಕಡಿಮೆ ಒಂದೇ ದೂರ, ಆದರೆ ಮೂರರ ಪ್ರಯಾಣವೂ ಮೈಗೆ ಬೇರೆ ಬೇರೆಯಾಗಿ ಹತ್ತುತ್ತದೆ. ಸಿಂಗಪುರದ್ದು ನಾಲ್ಕೂವರೆ ಗಂಟೆ ಮತ್ತು ಹದಿನೈದು ಗಂಟೆ. ಫ್ರಾಂಕ್‌ಫರ್ಟಿನದು ಹತ್ತು ಮತ್ತು ಹನ್ನೊಂದೂವರೆ. ಅರವತ್ತೈದು ದಾಟಿದವರ ಮಂಡಿಗೆ ಈ ಎರಡೂ ಒಂದೇ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು: ಒಟ್ಟು ಕಿಲೋಮೀಟರನ್ನೂ ಒಟ್ಟು ಗಂಟೆಯನ್ನೂ ಮೊದಲು ನೋಡಬೇಡಿ. ಎರಡು ಹಾರಾಟದಲ್ಲಿ ಉದ್ದದ್ದು ಎಷ್ಟು ಗಂಟೆ, ನಡುವೆ ಕಾಯುವುದು ಎಷ್ಟು, ಇವೆರಡನ್ನು ನೋಡಿ.

ತೂಗಬೇಕಾದದ್ದು

ಉದ್ದದ ಹಾರಾಟ ಹನ್ನೆರಡು ಗಂಟೆ ದಾಟಿತೆಂದರೆ ಇಕಾನಮಿ ಸೀಟಿನಲ್ಲಿ ಕಾಲು ಊದುವುದು, ಸೊಂಟ ಹಿಡಿಯುವುದು ಮಾಮೂಲು. ಸಕ್ಕರೆ ಕಾಯಿಲೆ, ರಕ್ತನಾಳದ ತೊಂದರೆ, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಆರಿಸಬೇಕು. ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಕೂತಷ್ಟೂ ಹೆಚ್ಚು.

ಕಾಯುವ ಹೊತ್ತು ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ಚೆಂದ. ಒಂದೂಕಾಲು ಗಂಟೆಯ ಕನೆಕ್ಷನ್ನನ್ನೂ ಸೈಟುಗಳು ತೋರಿಸುತ್ತವೆ, ನಿಯಮದ ಪ್ರಕಾರ ಅದು ಸರಿಯೂ ಇರಬಹುದು. ಆದರೆ ಅಮೆರಿಕಕ್ಕೆ ಹೋಗುವ ವಿಮಾನಕ್ಕೆ ಗೇಟಿನ ಹತ್ತಿರವೇ ಮತ್ತೊಂದು ಸುತ್ತು ಪಾಸ್‌ಪೋರ್ಟ್, ಬ್ಯಾಗು ತಪಾಸಣೆ ಇರುವುದುಂಟು. ಮೊದಲ ವಿಮಾನ ನಲವತ್ತು ನಿಮಿಷ ತಡವಾದರೆ ಮುಗಿಯಿತು. ಆರು ಗಂಟೆ ದಾಟಿದರೆ ಇನ್ನೊಂದು ಗೋಳು: ನಿದ್ದೆ ಮಾಡುವ ಹಾಗೂ ಇಲ್ಲ, ಎಚ್ಚರ ಇರುವ ಹಾಗೂ ಇಲ್ಲ.

ಒಂದೇ ಟಿಕೆಟ್ಟೋ ಎರಡೋ ಅನ್ನುವುದು ಬೆಲೆಗಿಂತ ದೊಡ್ಡ ವಿಷಯ. ಒಂದೇ ಪಿಎನ್‌ಆರ್‌ನಲ್ಲಿದ್ದರೆ ಕನೆಕ್ಷನ್ ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಕಂಪನಿಯದು, ಬ್ಯಾಗೂ ಕೊನೆಯವರೆಗೆ ತಾನೇ ಹೋಗುತ್ತದೆ. ಬೆಂಗಳೂರು-ದುಬೈ ಒಂದು ಕಂಪನಿಯಲ್ಲಿ ಸಸ್ತಾ ಸಿಕ್ಕಿತು, ದುಬೈ-ಸ್ಯಾನ್ ಫ್ರಾನ್ಸಿಸ್ಕೊ ಇನ್ನೊಂದರಲ್ಲಿ ಅಂತ ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾದಾಗ ಎರಡನೆಯದರ ದುಡ್ಡು ನೀರಿಗೆ. ಮಂಗಳೂರಿಂದ ನೇರ ದುಬೈಗೆ ವಿಮಾನ ಇದೆಯಲ್ಲ ಅಂತ ಉಡುಪಿ, ಕುಂದಾಪುರದ ಕಡೆಯವರು ಹೀಗೆ ಯೋಚಿಸುವುದುಂಟು. ಮಾಡುವುದಾದರೆ ದುಬೈಯಲ್ಲಿ ಒಂದು ರಾತ್ರಿ ನೆಂಟರ ಮನೆಯಲ್ಲಿ ಇಳಿದು, ವೀಸಾ ಇಟ್ಟುಕೊಂಡು ಮಾಡಿ.

ಬೆಲೆ ನೋಡುವಾಗ ಬ್ಯಾಗನ್ನೂ ಕೂಡಿಸಿ. ಅಮೆರಿಕಕ್ಕೆ ಇಕಾನಮಿಯಲ್ಲಿ ತಲಾ 23 ಕಿಲೋದ ಎರಡು ಬ್ಯಾಗು ಅನ್ನುವುದು ಬಹಳ ವರ್ಷದ ರೂಢಿ. ಈಗ ಅತಿ ಕಡಿಮೆ ದರದ ಟಿಕೆಟ್ಟುಗಳಲ್ಲಿ ಒಂದೇ ಬ್ಯಾಗು ಕೊಡುವುದು, ಸೀಟು ಆರಿಸಲು ಬೇರೆ ದುಡ್ಡು ಕೇಳುವುದು ಇದೆ. ಗಂಡ-ಹೆಂಡತಿ ಅಕ್ಕಪಕ್ಕ ಕೂರಲು, ಎರಡನೇ ಬ್ಯಾಗಿಗೆ ಅಂತ ಕೊಟ್ಟು ಮುಗಿಸುವ ಹೊತ್ತಿಗೆ ಉಳಿಸಿದ್ದೇನೂ ಇರುವುದಿಲ್ಲ.

ಕೊನೆಯದು ಆಕಾಶದ ರಾಜಕೀಯ. ಉಕ್ರೇನ್ ಯುದ್ಧ ಶುರುವಾದ 2022ರಿಂದ ಯುರೋಪ್, ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಭಾರತದ ಮತ್ತು ಕೊಲ್ಲಿಯ ಕಂಪನಿಗಳಿಗೆ ಆ ನಿರ್ಬಂಧ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿತು. ಅದೇ ವರ್ಷ ಜೂನ್‌ನಲ್ಲಿ ಇರಾನ್-ಇಸ್ರೇಲ್ ಕಾದಾಟಕ್ಕೆ ಕೊಲ್ಲಿಯ ಮೇಲಿನ ವಿಮಾನಗಳು ಅಸ್ತವ್ಯಸ್ತವಾದವು, ಕತಾರಿನ ಆಕಾಶವೇ ಕೆಲವು ಗಂಟೆ ಬಂದ್ ಆಗಿತ್ತು. ಟಿಕೆಟ್ ಕೊಳ್ಳುವ ವಾರ ಪೇಪರ್ ಓದಿ ಅಂದರೆ ಇದಕ್ಕೇ.

ನೇರ ವಿಮಾನ

ಇದ್ದರೆ ಇದಕ್ಕಿಂತ ಸುಲಭದ್ದಿಲ್ಲ. ಹೋಗುವಾಗ ಸುಮಾರು ಹದಿನಾರು ಗಂಟೆ, ಬರುವಾಗ ಹದಿನೇಳರ ಮೇಲೆ. ಹತ್ತಿ ಕೂತರೆ ಇಳಿಯುವುದೇ ಮಗಳ ಊರಲ್ಲಿ. ಇಂಗ್ಲಿಷ್ ಬಾರದ, ಮೊದಲ ಸಲ ವಿಮಾನ ಹತ್ತುವ ತಾಯಿ ಒಬ್ಬರೇ ಹೊರಟಿದ್ದಾರೆ ಅಂದರೆ ನಾನು ಹೆಚ್ಚು ಯೋಚಿಸದೆ ಇದನ್ನೇ ಹೇಳುತ್ತೇನೆ, ಇಪ್ಪತ್ತು ಸಾವಿರ ಜಾಸ್ತಿಯಾದರೂ.

ಆದರೆ ಈ "ಇದ್ದರೆ" ಸಣ್ಣ ಮಾತಲ್ಲ. ಏರ್ ಇಂಡಿಯಾದ ಈ ಸೇವೆ 2021ರಲ್ಲಿ ಶುರುವಾಗಿ, ನಡುವೆ ನಿಂತು, 2022ರ ಡಿಸೆಂಬರಿನಲ್ಲಿ ವಾರಕ್ಕೆ ಮೂರು ಸಲದ ಲೆಕ್ಕದಲ್ಲಿ ಮತ್ತೆ ಶುರುವಾಯಿತು. ಅಷ್ಟು ದೂರ ಒಂದೇ ಉಸಿರಿಗೆ ಹಾರುವ ವಿಮಾನಗಳು ಕಂಪನಿಯ ಹತ್ತಿರ ಕೆಲವೇ ಇರುವುದು. ವಿಮಾನ, ಇಂಧನದ ಬೆಲೆ, ಆಕಾಶದ ನಿರ್ಬಂಧ ಯಾವುದು ಏರುಪೇರಾದರೂ ಮೊದಲು ಏಟು ಬೀಳುವುದು ಇಂಥ ಉದ್ದದ ಸೇವೆಗೆ. ಯುನೈಟೆಡ್ ಕಂಪನಿಯೂ 2020ರಲ್ಲಿ ಇದೇ ಎರಡು ಊರಿನ ನಡುವೆ ನೇರ ವಿಮಾನ ಘೋಷಿಸಿತ್ತು, ಅಮೆರಿಕನ್ ಏರ್‌ಲೈನ್ಸ್ ಬೆಂಗಳೂರು-ಸಿಯಾಟಲ್ ಅಂದಿತ್ತು. ಎರಡೂ ಒಂದು ದಿನವೂ ಹಾರಲಿಲ್ಲ. ಆದ್ದರಿಂದ ನಿಮ್ಮ ತಾರೀಖಿಗೆ ನೇರ ವಿಮಾನ ಮಾರಾಟಕ್ಕಿದೆಯೇ ಅಂತ ಕಂಪನಿಯ ಸೈಟಿನಲ್ಲೇ ನೋಡಿ. ಹಳೇ ಲೇಖನ, ಸಂಬಂಧಿಕರ ಮಾತು ನಂಬಿ ರಜೆ ಹಾಕಬೇಡಿ. ಇದ್ದರೂ ದಿನಾ ಇರುತ್ತದೆ ಅಂತಿಲ್ಲ. ಒಂದು ರದ್ದಾದರೆ ಮುಂದಿನದಕ್ಕೆ ಎರಡು ದಿನ ಕಾಯಬೇಕಾದೀತು.

ದೆಹಲಿ ಮೇಲಿಂದ

ದೂರದ ಲೆಕ್ಕದಲ್ಲಿ ನೇರಕ್ಕೆ ಸಮ ಅಂತ ಆಗಲೇ ನೋಡಿದೆವು. ಮೂರು ಗಂಟೆಯ ಮೊದಲ ಹಾರಾಟ, ಆಮೇಲೆ ಹದಿನಾರರ ಆಸುಪಾಸು. ಇಮಿಗ್ರೇಷನ್ ದೆಹಲಿಯಲ್ಲಿ ಆಗುತ್ತದೆ, ಭಾಷೆಗೆ ಹಿಂದಿ ನಡೆಯುತ್ತದೆ, ಊಟಕ್ಕೆ ಪರದಾಟವಿಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೂ ಒಮ್ಮೊಮ್ಮೆ ಬೆಂಗಳೂರಿಗೆ ಬಾರದೆ ದೆಹಲಿಗೇ ಹೋಗಿಬಿಡುವುದು ಸಲೀಸು.

ತೊಡಕು ಎರಡು. ಡಿಸೆಂಬರ್-ಜನವರಿಯಲ್ಲಿ ದೆಹಲಿಯ ಮಂಜು: ಬೆಳಗಿನ ವಿಮಾನಗಳು ತಾಸುಗಟ್ಟಲೆ ತಡವಾಗುವುದು ಪ್ರತಿ ವರ್ಷದ ಹಾಡು. ಆ ತಿಂಗಳಲ್ಲಿ ಹೋಗುವುದಾದರೆ ನಡುವೆ ಐದು ಗಂಟೆ ಬಿಡಿ. ಎರಡನೆಯದು ವಾಪಸ್ ಬರುವಾಗ. ಸಾಮಾನ್ಯವಾಗಿ ದೇಶದೊಳಗೆ ಮೊದಲು ಇಳಿದ ಕಡೆಯೇ ಬ್ಯಾಗು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಬೆಂಗಳೂರಿನ ವಿಮಾನಕ್ಕೆ ಮತ್ತೆ ಕೊಡಬೇಕು. ಹದಿನಾರು ಗಂಟೆ ಕೂತು ಬಂದ ಮೇಲೆ ನಾಲ್ಕು ದಪ್ಪ ಸೂಟ್‌ಕೇಸ್ ಎಳೆಯುವುದು ವಯಸ್ಸಾದವರಿಗೆ ಬೇಡದ ಕೆಲಸ.

ದುಬೈ, ದೋಹಾ

ಬೆಂಗಳೂರಿಗರಿಗೆ ತುಂಬಾ ಬಳಕೆಯ ದಾರಿ. ದಿನಕ್ಕೆ ಹಲವು ವಿಮಾನ. ಒಂದು ತಪ್ಪಿದರೆ ಇನ್ನೊಂದಿದೆ ಅನ್ನುವ ಧೈರ್ಯ. ಎಮಿರೇಟ್ಸಿನ ಎರಡಂತಸ್ತಿನ ಎ380 ವಿಮಾನ 2022ರ ಅಕ್ಟೋಬರಿನಿಂದ ಬೆಂಗಳೂರಿಗೂ ಬರುತ್ತಿದೆ. ಮೊದಲ ಹಾರಾಟ ನಾಲ್ಕೇ ಗಂಟೆ. ಕಾಯುವ ಜಾಗದಲ್ಲಿ ಮಲಯಾಳಿಗಳು, ತುಳುವರು, ಹೈದರಾಬಾದಿನವರು ಸಿಕ್ಕೇ ಸಿಗುತ್ತಾರೆ. "ಸ್ಯಾನ್ ಫ್ರಾನ್ಸಿಸ್ಕೊ ಗೇಟ್ ಎಲ್ಲಪ್ಪಾ?" ಅಂತ ಕನ್ನಡದಲ್ಲೇ ಕೇಳಿದರೂ ಯಾರಾದರೂ ಒಬ್ಬರು ತಿರುಗಿ ನೋಡುವ ಜಾಗ ಅದು. ಟ್ರಾನ್ಸಿಟ್ ವೀಸಾದ, ಅಂದರೆ ನಡುವೆ ವಿಮಾನ ಬದಲಿಸಲು ಕೆಲವು ದೇಶಗಳು ಕೇಳುವ ವೀಸಾದ ತಲೆನೋವು ನಿಲ್ದಾಣದ ಒಳಗೇ ಇದ್ದು ವಿಮಾನ ಬದಲಿಸುವವರಿಗೆ ಇಲ್ಲ.

ಇದರ ಬೆಲೆ ತೆರುವುದು ಎರಡನೇ ಹಾರಾಟದಲ್ಲಿ. ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೊ 13,000 ಕಿ.ಮೀ., ಹದಿನಾರು ಗಂಟೆ. ಅಂದರೆ ನೇರ ವಿಮಾನದಷ್ಟೇ ಹೊತ್ತು ಕೂತು, ಅದರ ಮೇಲೆ ನಾಲ್ಕು ಗಂಟೆ ಹಾರಿ, ಮೂರು ಗಂಟೆ ಕಾದದ್ದು ಬೇರೆ. ಉದ್ದದ ಹಾರಾಟ ತಪ್ಪಿಸಬೇಕು ಅಂತ ನೇರ ವಿಮಾನ ಬಿಟ್ಟು ದುಬೈ ಹಿಡಿಯುವವರನ್ನು ಕಂಡಾಗ ನನಗೆ ಆಶ್ಚರ್ಯ. ಅವರು ತಪ್ಪಿಸಿದ್ದು ಏನನ್ನೂ ಇಲ್ಲ. ದುಬೈ ಹಿಡಿಯಬೇಕಾದದ್ದು ದರಕ್ಕಾಗಿ, ಹೊತ್ತಿನ ಆಯ್ಕೆಗಾಗಿ. ಕಾಲಿಗೆ ಆರಾಮ ಸಿಗಲಿ ಅಂತಲ್ಲ.

ಅಬುಧಾಬಿಯದು ಸ್ವಲ್ಪ ಬೇರೆ ಕತೆ. ಅಲ್ಲಿ ಅಮೆರಿಕದ ಇಮಿಗ್ರೇಷನ್ ಅಧಿಕಾರಿಗಳೇ ಕೂತಿರುತ್ತಾರೆ. ವಿಮಾನ ಹತ್ತುವ ಮೊದಲೇ ಪ್ರಶ್ನೆ-ಉತ್ತರ ಮುಗಿಯುತ್ತದೆ, ಅಮೆರಿಕದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರ ಹಾಗೆ ಹೊರಬರಬಹುದು. ಎತಿಹಾದ್ ನ್ಯೂಯಾರ್ಕ್, ಷಿಕಾಗೊ ಕಡೆ ಹಾರುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹತ್ತಬೇಕು. ಎರಡು ಕಡೆ ಬದಲಾವಣೆ. ಕೌಂಟರಿನ ಮುಂದೆ ನಿಲ್ಲುವುದೆಂದರೆ ಎದೆ ಹೊಡೆದುಕೊಳ್ಳುವವರಿಗೆ ಮಾತ್ರ ಇದು ಲಾಭ.

ಫ್ರಾಂಕ್‌ಫರ್ಟ್, ಲಂಡನ್

ಪ್ರಯಾಣ ಸರಿಸುಮಾರು ಅರ್ಧರ್ಧ ಆಗುವುದು ಈ ಕಡೆ. ಹತ್ತು ಗಂಟೆ ಹಾರಿ, ಇಳಿದು, ಮುಖ ತೊಳೆದು, ಕಾಫಿ ಕುಡಿದು, ಅರ್ಧ ಕಿ.ಮೀ. ನಡೆದು, ಮತ್ತೆ ಹನ್ನೊಂದು ಚಿಲ್ಲರೆ ಗಂಟೆ. ಒಟ್ಟು ಇಪ್ಪತ್ನಾಲ್ಕು-ಇಪ್ಪತ್ತಾರು ಗಂಟೆ ಆದರೂ ಇಳಿದವರು ದುಬೈ ಕಡೆಯಿಂದ ಬಂದವರಿಗಿಂತ ಲವಲವಿಕೆಯಿಂದಿರುತ್ತಾರೆ ಅನ್ನುವುದು ನಾನು ಕಂಡದ್ದು. ಬೆನ್ನು, ಮಂಡಿ ನೋವಿರುವ, ಆದರೆ ತಾವಾಗಿ ನಡೆದಾಡಬಲ್ಲವರಿಗೆ ಇದು ಒಳ್ಳೆಯ ದಾರಿ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೇಲಿನ ದಾರಿಯ ಲೆಕ್ಕವೂ ಹೀಗೇ.

ಇನ್ನೊಂದು ಲಾಭವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಯುರೋಪಿನ ಕಾನೂನಿನಲ್ಲಿ, ಕಂಪನಿಯ ತಪ್ಪಿನಿಂದ ವಿಮಾನ ಬಹಳ ತಡವಾದರೆ ಅಥವಾ ರದ್ದಾದರೆ ಇಂಥ ದೂರದ ಪ್ರಯಾಣಕ್ಕೆ 600 ಯೂರೋವರೆಗೆ ಪರಿಹಾರ ಕೇಳುವ ಹಕ್ಕಿದೆ. ಹವಾಮಾನ ಕೆಟ್ಟಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಯುರೋಪಿನ ಕಂಪನಿಯಾದರೆ ಬೆಂಗಳೂರಿಂದ ಹೊರಡುವ ಹಾರಾಟಕ್ಕೂ ಲೆಕ್ಕ.

ಎಚ್ಚರ ಬೇಕಾದದ್ದು ವೀಸಾ ವಿಷಯದಲ್ಲಿ. ಲಂಡನ್ನಿನಲ್ಲಿ ವಿಮಾನ ಬದಲಿಸಲು ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್‌ಕಾರ್ಡ್ ಇದ್ದರೆ ವಿನಾಯಿತಿ. ಹೋಗುವ ಅಪ್ಪ-ಅಮ್ಮನಿಗೆ ಹತ್ತು ವರ್ಷದ ವಿಸಿಟರ್ ವೀಸಾ ಇರುವುದರಿಂದ ಚಿಂತೆಯಿಲ್ಲ. ಸಿಕ್ಕಿಬೀಳುವುದು ಅಲ್ಲಿಂದ ರಜೆಗೆ ಬರುವ ಮಗ: ಎಚ್-1ಬಿ (ಅಲ್ಲಿ ಕೆಲಸ ಮಾಡುವ ಅನುಮತಿ) ಮುಂದುವರಿದ ಕಾಗದ ಕೈಯಲ್ಲಿದೆ, ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪಿನ ಅವಧಿ ಮಾತ್ರ ಮುಗಿದಿದೆ. ಕೆಲಸ ಮಾಡಲು ಆ ಕಾಗದ ಸಾಕು, ವಿಮಾನ ನಿಲ್ದಾಣದಲ್ಲಿ ಸಾಲದು. ಅಂಥವರು ಕೊಲ್ಲಿಯ ಕಡೆಯಿಂದಲೋ ಸಿಂಗಪುರದ ಕಡೆಯಿಂದಲೋ ಬರುವುದು ಕ್ಷೇಮ.

ಭಾಷೆ, ಊಟ ಎರಡೂ ಇಲ್ಲಿ ಸ್ವಲ್ಪ ಕಷ್ಟ. ವಿಮಾನದೊಳಗಿನ ಊಟಕ್ಕೆ ಕನಿಷ್ಠ ಒಂದು ದಿನ ಮೊದಲೇ "ಏಷ್ಯನ್ ವೆಜಿಟೇರಿಯನ್" ಅಂತ ಬರೆಸಿ. ಬರೀ "ವೆಜಿಟೇರಿಯನ್" ಅಂದರೆ ಬೇಯಿಸಿದ ಕ್ಯಾರೆಟ್ಟು, ಎಲೆಕೋಸು ಬಂದು ಕೂರುತ್ತದೆ. ಕೈಚೀಲದಲ್ಲಿ ಚಪಾತಿ, ಚಕ್ಕುಲಿ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಮೊಸರನ್ನ, ಉಪ್ಪಿನಕಾಯಿ ಮಾತ್ರ ಸೆಕ್ಯುರಿಟಿಯಲ್ಲಿ ದ್ರವದ ಲೆಕ್ಕಕ್ಕೆ ಬಿದ್ದು ಕಸದ ಬುಟ್ಟಿ ಸೇರಬಹುದು.

ಮೂಡಣದ ದಾರಿ: ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ

ನಮ್ಮವರು ತೀರಾ ಕಡಿಮೆ ಯೋಚಿಸುವ ದಾರಿ ಇದು. ಅಮೆರಿಕ ಅಂದರೆ ಪಡುವಣ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ನ್ಯೂಯಾರ್ಕಿಗೆ ಅದು ಸರಿ. ಕ್ಯಾಲಿಫೋರ್ನಿಯಾ ಪೆಸಿಫಿಕ್ಕಿನ ದಡದಲ್ಲಿರುವ ರಾಜ್ಯ, ಅಲ್ಲಿಗೆ ಜಪಾನ್ ಕಡೆಯಿಂದ ಹೋಗುವುದೇ ಹತ್ತಿರ.

ಮೂರರಲ್ಲಿ ನನ್ನ ಓಟು ಟೋಕಿಯೊಗೆ. ಜಪಾನ್ ಏರ್‌ಲೈನ್ಸ್ ಬೆಂಗಳೂರಿಂದ ನೇರ ನರಿಟಾಗೆ ಹಾರುತ್ತದೆ, ಎಂಟು ಗಂಟೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗಾಳಿ ಬೆನ್ನಿಗಿರುವುದರಿಂದ ಒಂಬತ್ತರಿಂದ ಒಂಬತ್ತೂವರೆ. ಯಾವ ಹಾರಾಟವೂ ಹತ್ತು ಗಂಟೆ ಮುಟ್ಟುವುದಿಲ್ಲ, ಆದರೂ ಒಟ್ಟು ಹಾರಾಟ ಹದಿನೇಳೂವರೆ ಗಂಟೆ ಮಾತ್ರ; ನೇರ ವಿಮಾನಕ್ಕಿಂತ ಒಂದೂವರೆ ಗಂಟೆ ಹೆಚ್ಚು, ಅಷ್ಟೇ. ಕನೆಕ್ಷನ್ ಹೊಂದಿಕೊಂಡ ದಿನ ಇದನ್ನು ಮೀರಿಸುವುದು ಕಷ್ಟ. ಕೊರತೆ ಅಂದರೆ ದಿನಕ್ಕೆ ಆಯ್ಕೆ ಕಡಿಮೆ, ನರಿಟಾದಲ್ಲಿ ಹಿಂದಿ, ತಮಿಳು ಯಾವುದೂ ನಡೆಯದು, ಶಾಕಾಹಾರಿಗಳಿಗೆ ಅಲ್ಲಿ ಸಿಗುವುದು ಕಡಿಮೆ.

ಹಾಂಗ್‌ಕಾಂಗ್ ದಾರಿ ಐದೂವರೆ ಮತ್ತು ಹನ್ನೆರಡು ಚಿಲ್ಲರೆ ಗಂಟೆ. ಕ್ಯಾಥೆ ಪೆಸಿಫಿಕ್ ಹಾರಿಸುತ್ತದೆ. ದೂರ, ದರ ಎರಡೂ ಹದವಾಗಿ ಬಂದಾಗ ಕಣ್ಣುಮುಚ್ಚಿ ಕೊಳ್ಳಬಹುದು.

ಸಿಂಗಪುರದ ಚಾಂಗಿ ನಿಲ್ದಾಣವನ್ನು ಹೊಗಳದವರಿಲ್ಲ, ಹೊಗಳಿಕೆ ನ್ಯಾಯವೇ. ತಮಿಳು ಅಲ್ಲಿನ ಅಧಿಕೃತ ಭಾಷೆಗಳಲ್ಲಿ ಒಂದು, ಬೋರ್ಡುಗಳಲ್ಲೂ ಕಾಣುತ್ತದೆ. ಕೋಲಾರ, ಬೆಂಗಳೂರಿನ ಎಷ್ಟೋ ಹಿರಿಯರಿಗೆ ಅಷ್ಟು ತಮಿಳು ಬರುತ್ತದೆ. ಆದರೆ ನಕ್ಷೆಯಲ್ಲಿ ನೋಡಿದರೆ ಸಿಂಗಪುರ ದಾರಿಯಲ್ಲೇ ಇಲ್ಲ. ತೆಂಕಣಕ್ಕೆ ಇಳಿದು ಮತ್ತೆ ಮೇಲೇರಬೇಕು. ಎರಡನೇ ಹಾರಾಟ 13,600 ಕಿ.ಮೀ.; ಹೋಗುವಾಗ ಹದಿನೈದು ಗಂಟೆ, ಬರುವಾಗ ಎದುರುಗಾಳಿಗೆ ಹದಿನೇಳರ ಹತ್ತಿರ.

ಈ ಎದುರುಗಾಳಿಯ ಮಾತು ಮೂಡಣದ ಎಲ್ಲ ದಾರಿಗೂ ಇದೆ. ಹಾಂಗ್‌ಕಾಂಗಿಗೆ ವಾಪಸಾಗುವಾಗ ಎರಡು ಗಂಟೆಗೂ ಹೆಚ್ಚು ಸೇರಿಕೊಳ್ಳುತ್ತದೆ, ನರಿಟಾಗೆ ಒಂದೂವರೆ. ಯುರೋಪಿನ ಕಡೆ ತಿರುವುಮುರುವು: ವಾಪಸ್ ಬರುವುದೇ ಬೇಗ. ಹಾಗಾದರೆ ಮೂಡಣದಿಂದ ಹೋಗಿ ಪಡುವಣದಿಂದ ಬಂದರೆ ಇಡೀ ಭೂಮಿ ಸುತ್ತಿದಂತೆಯೂ ಆಯಿತು, ಗಾಳಿಯೂ ಬೆನ್ನಿಗೇ ಉಳಿಯಿತು! ಜಪಾನ್ ಏರ್‌ಲೈನ್ಸ್, ಕ್ಯಾಥೆ, ಬ್ರಿಟಿಷ್ ಏರ್‌ವೇಸ್ ಒಂದೇ ಒಕ್ಕೂಟದಲ್ಲಿವೆ. ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಏರ್ ಇಂಡಿಯಾ ಇನ್ನೊಂದರಲ್ಲಿ. ಹುಡುಕಿದರೆ ಒಂದೇ ಒಕ್ಕೂಟದ ಎರಡು ಕಂಪನಿ ಸೇರಿಸಿದ ಇಂಥ ಟಿಕೆಟ್ ಸಿಗುತ್ತದೆ, ಮಾಮೂಲಿಗಿಂತ ದುಬಾರಿಯಾಗುವುದೇ ಹೆಚ್ಚು. ಪ್ರಯಾಣ ಅಂದರೆ ಖುಷಿ ಪಡುವ ಜಾತಿಯವರು ಪ್ರಯತ್ನಿಸಬಹುದು.

ಅಮೆರಿಕದೊಳಗೆ ನ್ಯೂವಾರ್ಕ್, ಷಿಕಾಗೊ, ಡಲ್ಲಾಸ್ ಅಂತ ಇಳಿದು ವಿಮಾನ ಬದಲಿಸುವ ಟಿಕೆಟ್ಟುಗಳು ಸಸ್ತಾ ಕಾಣುತ್ತವೆ. ಅಬುಧಾಬಿಯ ಹಾಗೆ ಮೊದಲೇ ಇಮಿಗ್ರೇಷನ್ ಮುಗಿಸಿದ್ದು ಬಿಟ್ಟರೆ, ಮೊದಲು ಇಳಿದ ಕಡೆ ಸಾಲಿನಲ್ಲಿ ನಿಂತು, ಬ್ಯಾಗು ತೆಗೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಟ್ಟು, ಮತ್ತೆ ಸೆಕ್ಯುರಿಟಿ ದಾಟಬೇಕು. ಗಟ್ಟಿಮುಟ್ಟಾದ ವಿದ್ಯಾರ್ಥಿಗಳಿಗೆ ಪರವಾಗಿಲ್ಲ. ಹಿರಿಯರನ್ನು ಈ ದಾರಿಗೆ ಹಾಕಬೇಡಿ.

ಯಾರಿಗೆ ಯಾವುದು

ಬಾಣಂತನಕ್ಕೆ ಹೋಗುವ ಅಮ್ಮ ಒಬ್ಬರೇ ಆದರೆ: ನೇರ ವಿಮಾನ; ಅದಿಲ್ಲದಿದ್ದರೆ ದುಬೈ ಅಥವಾ ದೋಹಾ, ಮೂರು-ನಾಲ್ಕು ಗಂಟೆಯ ಬಿಡುವಿನೊಂದಿಗೆ. ಇಲ್ಲಿ ಕಾಲಿನ ಆರಾಮಕ್ಕಿಂತ ದಾರಿ ತಪ್ಪದಿರುವುದು ಮುಖ್ಯ. ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಎರಡು ದಿನ ಮೊದಲೇ ಬರೆಸಿದರೆ ಗೇಟಿನಿಂದ ಗೇಟಿಗೆ ಅವರೇ ಕರೆದೊಯ್ಯುತ್ತಾರೆ, ಇಮಿಗ್ರೇಷನ್ ಸಾಲಿನಲ್ಲೂ ಜೊತೆಗಿರುತ್ತಾರೆ. "ನಂಗೇನಾಗಿದೆ, ನಡೀತೀನಿ" ಅನ್ನುವ ಅಮ್ಮಂದಿರನ್ನು ಒಪ್ಪಿಸುವುದೇ ಕಷ್ಟ.

ಅಪ್ಪ-ಅಮ್ಮ ಇಬ್ಬರೂ ಹೊರಟಿದ್ದು, ಒಬ್ಬರಿಗಾದರೂ ಇಂಗ್ಲಿಷ್ ಬೋರ್ಡು ಓದಲು ಬಂದರೆ ಟೋಕಿಯೊ ಇಲ್ಲವೇ ಫ್ರಾಂಕ್‌ಫರ್ಟ್. ಚಿಕ್ಕ ಮಕ್ಕಳ ಸಂಸಾರಕ್ಕೆ ಟೋಕಿಯೊ, ಹಾಂಗ್‌ಕಾಂಗ್ ಚೆನ್ನ. ಮಗು ಹದಿನಾರು ಗಂಟೆ ಒಂದೇ ಕಡೆ ಕೂತಿರುವುದು ಮಗುವಿಗಿಂತ ಸುತ್ತ ಕೂತವರಿಗೆ ಶಿಕ್ಷೆ. ಕೂಸಿಗೆ ಗೋಡೆಯ ತೊಟ್ಟಿಲು ಬೇಕಿದ್ದರೆ ಟಿಕೆಟ್ ಕೊಂಡ ದಿನವೇ ಫೋನ್ ಮಾಡಿ. ಸೀಟು ಬೆರಳೆಣಿಕೆಯಷ್ಟು, ತೂಕದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ.

ವಿದ್ಯಾರ್ಥಿಗಳಿಗೆ ಬ್ಯಾಗೇ ಎಲ್ಲ. ಕುಕ್ಕರು, ಹೊದಿಕೆ, ಆರು ತಿಂಗಳ ಸಾಂಬಾರ್ ಪುಡಿ ಹೊರಬೇಕು. ಹಲವು ಕಂಪನಿಗಳು ವಿದ್ಯಾರ್ಥಿ ದರದಲ್ಲಿ ಹೆಚ್ಚುವರಿ ಬ್ಯಾಗು ಕೊಡುತ್ತವೆ. ಐದು ಸಾವಿರ ಕಡಿಮೆಯ ಟಿಕೆಟ್ಟಿಗಿಂತ ಅದು ಲಾಭ. ಅಂದ ಹಾಗೆ ಅಮೆರಿಕಕ್ಕೆ ಹೋಗುವಾಗ 350 ಮಿ.ಲೀ. ಗಾತ್ರಕ್ಕಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ತಡೆಯುತ್ತಾರೆ. ಚಟ್ನಿಪುಡಿ, ಹುರಿಹಿಟ್ಟು, ಮೆಂತ್ಯದ ಹಿಟ್ಟು ಎಲ್ಲ ಚೆಕ್‌ಇನ್ ಬ್ಯಾಗಿಗೆ. ಒಣಕೊಬ್ಬರಿ ಗಿಟುಕನ್ನು ಮನೆಯಲ್ಲೇ ಬಿಡಿ: ಎಣ್ಣೆಯಂಶದಿಂದ ಬೆಂಕಿ ಹತ್ತಬಲ್ಲ ವಸ್ತು ಅಂತ ಬ್ಯಾಗು ತೆರೆಸಿ ತೆಗೆಸುತ್ತಾರೆ. ಕರಿಬೇವು, ಹಣ್ಣುಗಳನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ತಿನ್ನುವ ವಸ್ತು ಇದೆಯೇ ಅಂತ ಕೇಳಿದರೆ ಇದೆ ಅನ್ನಿ, ಮುಚ್ಚಿಟ್ಟರೆ ದಂಡ.

ಬಜೆಟ್ಟಿನ ಮಾತು. ಮೇ-ಆಗಸ್ಟ್ ಮತ್ತು ಡಿಸೆಂಬರಿನಲ್ಲಿ ಎಲ್ಲ ದಾರಿಯೂ ದುಬಾರಿ. ಫೆಬ್ರವರಿ-ಮಾರ್ಚ್, ಸೆಪ್ಟೆಂಬರ್-ಅಕ್ಟೋಬರ್ ಹಗುರ. ತಾರೀಖನ್ನು ಎರಡು ವಾರ ಆಚೀಚೆ ಮಾಡಿದರೆ ಉಳಿಯುವ ದುಡ್ಡು, ಒಳ್ಳೆಯ ದಾರಿ ಬಿಟ್ಟು ಕೆಟ್ಟ ದಾರಿ ಹಿಡಿದು ಉಳಿಸುವುದಕ್ಕಿಂತ ಹೆಚ್ಚು. ಎರಡು ಟಿಕೆಟ್ಟಿನ ನಡುವೆ ತೂಗುವಾಗ ನಾನು ನೋಡುವುದು ಹೀಗೆ: ಸಸ್ತಾ ಟಿಕೆಟ್ಟಿನಲ್ಲಿ ಹೆಚ್ಚುವರಿ ಎಷ್ಟು ಗಂಟೆ ಇದೆ, ಉಳಿಯುವ ದುಡ್ಡನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಬಂತು? ಗಂಟೆಗೆ ಐನೂರು ರೂಪಾಯಿಗೆ ನಿಮ್ಮ ಅಪ್ಪನನ್ನು ಏರ್‌ಪೋರ್ಟಿನ ಸ್ಟೀಲ್ ಬೆಂಚಿನ ಮೇಲೆ ಕೂರಿಸಲು ಒಪ್ಪುತ್ತೀರಾ ಅಂತ ಕೇಳಿಕೊಳ್ಳಿ.

ಟಿಕೆಟ್ ಒತ್ತುವ ಮೊದಲು

ಗಡಿಯಾರ ಸರಿಯಾಗಿ ಓದಿ. ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ; ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಇಲ್ಲಿ ಹೊರಟು ಹದಿನಾರು ಗಂಟೆ ಹಾರಿದರೆ ಬೇಸಿಗೆಯಲ್ಲಿ ಅಲ್ಲಿ ಇಳಿಯುವುದು ಅದೇ ಸೋಮವಾರ ಸಂಜೆ ಐದೂವರೆಗೆ. ಟಿಕೆಟ್ಟಿನಲ್ಲಿ "ಮೂರೂವರೆ ಗಂಟೆ" ಅಂತ ಕಂಡು ಗಾಬರಿಯಾಗಬೇಡಿ. ಬರುವಾಗ ತದ್ವಿರುದ್ಧ: ಶನಿವಾರ ರಾತ್ರಿ ಹೊರಟರೆ ಬಂದು ಸೇರುವುದು ಸೋಮವಾರ, ಭಾನುವಾರ ಆಕಾಶದಲ್ಲೇ ಕಳೆದುಹೋಗಿರುತ್ತದೆ. ಸೋಮವಾರ ಬೆಳಗ್ಗೆ ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದರೆ ಶುಕ್ರವಾರವೇ ಹೊರಡಿಸಿ.

ಬೆಂಗಳೂರಿನಿಂದ ಹಲವು ವಿದೇಶಿ ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. 15ನೇ ತಾರೀಖು 2.10 ಅಂತಿದ್ದರೆ ಮನೆ ಬಿಡುವುದು 14ರ ಸಂಜೆ. ಮೈಸೂರಿನವರು ಫ್ಲೈಬಸ್ ಬುಕ್ ಮಾಡುವುದೂ 14ಕ್ಕೆ. ಕುಟುಂಬದ ವಾಟ್ಸಪ್ ಗುಂಪಿಗೆ ಬರೀ ತಾರೀಖು ಹಾಕಬೇಡಿ, "14ರ ರಾತ್ರಿ ಹತ್ತೂವರೆಗೆ ಏರ್‌ಪೋರ್ಟಿನಲ್ಲಿರಬೇಕು, ಎರಡನೇ ಟರ್ಮಿನಲ್" ಅಂತ ಪೂರ್ತಿ ಬರೆದು ಹಾಕಿ.